ಶುಕ್ರವಾರ ತಲುಪದ ಪತ್ರ

"ಶುಕ್ರವಾರವೇ ಕೊಟ್ಟೆ ಅಲ್ವಾ, ಹಂಸಿ?"

ಮೈಸೂರಿನಿಂದ ಬೆಳಿಗ್ಗೆಯಷ್ಟೇ ಬಂದಿಳಿದ ಕಿರಣ್, ಚರ್ಚಿನ ಅಂಗಳದಲ್ಲಿ ಅವಳನ್ನು ಕಂಡ ಕೂಡಲೇ ಕೇಳಿದ್ದು ಅದನ್ನೇ. ಹತ್ತು ದಿನದ ಮೇಲೆ ಸಿಕ್ಕಿದ್ದಾನೆ... ಕಣ್ಣಲ್ಲಿ ಅದೆಂಥ ನಂಬಿಕೆ!

ಇವತ್ತು ಭಾನುವಾರ. ಲಕೋಟೆ ಇನ್ನೂ ಹಂಸಿನಿಯ ಬ್ಯಾಗಿನಲ್ಲೇ ಇತ್ತು.

ಕಿರಣ್ ಆಂತೋನಿ ದೆಹಲಿಯ ಲಕ್ಷ್ಮೀ ನಗರದಲ್ಲಿ ರೂಮು ಮಾಡಿಕೊಂಡು ಶಾಲೆಯೊಂದರಲ್ಲಿ ಸಂಗೀತ ಕಲಿಸುವವನು. ತಿಂಗಳಿಗೊಮ್ಮೆ ನಡೆಯುವ ಕನ್ನಡ ಪೂಜೆಗೆ ಕೀಬೋರ್ಡ್ ನುಡಿಸುವವನೂ ಅವನೇ. ಹಂಸಿನಿ ಆರ್.ಕೆ.ಪುರಂ ಕ್ವಾರ್ಟರ್ಸಿನ ಮುರಳೀಧರರ ಮಗಳು. ಮನೆಯಲ್ಲಿ ರಾಯರ ಪಟಕ್ಕೆ ಕೈ ಮುಗಿದು ಹೊರಟು, ಎರಡು ವರ್ಷದಿಂದ ಇಲ್ಲಿ ಕೊನೆಯ ಬೆಂಚಿನಲ್ಲಿ ಕೂತು ಅವನ ಹಾಡು ಕೇಳುತ್ತಿದ್ದವಳು.

ಅವನು ಲಿಟರ್ಜಿಯಲ್ಲಿ, ಅಂದರೆ ಚರ್ಚಿನ ಪೂಜಾವಿಧಿಯಲ್ಲಿ, ಎಂ.ಎ. ಮಾಡಲು ಅರ್ಜಿ ಹಾಕಿದ್ದ. ಅದಕ್ಕೆ ಫಾದರ್ ಬರೆದು ಮುಚ್ಚಿಕೊಟ್ಟ ಶಿಫಾರಸು ಪತ್ರ ಬೇಕೇ ಬೇಕು. ಅಮ್ಮನ ಆಪರೇಷನ್ ಎಂದು ಊರಿಗೆ ಹೊರಟವನು, ಅದನ್ನು ಕಾಲೇಜಿಗೆ ಮುಟ್ಟಿಸುವ ಕೆಲಸ ಅವಳಿಗೇ ವಹಿಸಿದ್ದ.

ಅವಳು ಕಂಡಂತೆ ಆ ಓದು ಓದಿದವರೆಲ್ಲ ಬಿಳಿ ನಿಲುವಂಗಿಯವರು, ಮದುವೆಯ ಮಾತೇ ಇಲ್ಲದವರು. ಆಟೋದವರ ಜೊತೆ ಜಗಳವಾಡಿ ಗೆಲ್ಲುವ ಹುಡುಗಿಗೆ, ನೀನೂ ಫಾದರ್ ಆಗ್ತೀಯಾ ಎಂದು ಕೇಳಲು ಮಾತ್ರ ಬಾಯಿ ಬರಲಿಲ್ಲ! ಕೊನೆಯ ದಿನವಾದ ಶುಕ್ರವಾರ ಕಾಲೇಜಿನ ಎದುರಿನ ಬಸ್ ಸ್ಟಾಪಿನಲ್ಲಿ ಕೂತು, ಐದು ಗಂಟೆಗೆ ಕಚೇರಿ ಮುಚ್ಚುವುದನ್ನು ನೋಡಿ ವಾಪಸ್ ಬಂದಿದ್ದಳು.

"ಕೊಡಲಿಲ್ಲ, ಕಿರಣ್."

"ಯಾಕೆ? ಆಫೀಸ್ ಮುಚ್ಚಿತ್ತಾ?"

'ಹೌದು ಅಂದುಬಿಡು... ಅವನು ನಂಬ್ತಾನೆ.'

ನಂಬುತ್ತಾನೆ ಎನ್ನುವುದನ್ನೇ ಅವಳಿಂದ ತಡೆದುಕೊಳ್ಳಲಾಗಲಿಲ್ಲ.

"ತೆರೆದೇ ಇತ್ತು. ನಾನೇ ಬೇಕಂತ ಕೊಡಲಿಲ್ಲ. ನೀನು ಫಾದರ್ ಆಗಿಬಿಟ್ರೆ... ಮೈಂ ಕ್ಯಾ ಕರ್ತೀ? ನಾನೇನು ಮಾಡ್ಲಿ? ಸಾರಿ ಅನ್ನೋಕೂ ನಾಚಿಕೆ ಆಗ್ತಿದೆ."

ಕಿರಣ್ ಬೆಂಚಿನ ಮೇಲೆ ಕುಸಿದು ಕೂತ.

"ಅದು ಸಂಜೆ ಕ್ಲಾಸು, ಹಂಸಿ! ಯಾರು ಬೇಕಾದ್ರೂ ಓದಬಹುದು. ಥಿಯಾಲಜಿ, ಅಂದ್ರೆ ದೈವಶಾಸ್ತ್ರ ಮಾಡು, ಪುಣೆಗೆ ಹೋಗು ಅಂತ ಫಾದರ್ ಎಷ್ಟು ಹೇಳಿದ್ರೂ ನಾನು ಒಪ್ಪಲಿಲ್ಲ. ನಂಗೆ ಪೂಜೆಯಲ್ಲಿ ಹಾಡು ಯಾವಾಗ ಬರಬೇಕು, ಯಾವಾಗ ಎಲ್ಲರೂ ಸುಮ್ಮನಿರಬೇಕು, ಅದನ್ನ ಓದಬೇಕು. ಅದೂ ಡೆಲ್ಲೀಲೇ. ಹಗಲು ಕೆಲಸ ಉಳಿಸ್ಕೊಳ್ಳದೆ ನಿಮ್ಮಪ್ಪನ ಮುಂದೆ ಹೆಣ್ಣು ಕೇಳೋಕೆ ಹೇಗೆ ನಿಲ್ಲಲಿ?"

'ಅಯ್ಯೋ... ನಾನೇನು ಮಾಡಿಬಿಟ್ಟೆ!'

"ಒಂದು ಮಾತು ಕೇಳಬಾರದಿತ್ತಾ?" ಅವನು ಎದ್ದು ನಿಂತ. ಉತ್ತರಕ್ಕೆ ಕಾಯದೆ ಪೂಜೆಗೆ ಒಳಗೆ ಹೋದ.

ಅವತ್ತು ಹಂಸಿನಿ ಕೊನೆಯ ಬೆಂಚಿಗೆ ಹೋಗಲಿಲ್ಲ. ಪೂಜೆ ಮುಗಿದು ಫಾದರ್ ಹೊರಬರುವವರೆಗೂ ಬಾಗಿಲಲ್ಲಿ ನಿಂತಿದ್ದು, ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದಳು. ಭಾನುವಾರವಾದರೂ ಅವರು ಅಲ್ಲೇ ಕಾಲೇಜಿನ ಪ್ರಿನ್ಸಿಪಾಲರ ಮನೆಗೆ ಫೋನ್ ಮಾಡಿದರು.

"ತಗೊಳ್ಳಲ್ವಂತಮ್ಮಾ. ಇನ್ನು ಮುಂದಿನ ವರ್ಷವೇ."

ಜನ ಕರಗಿದ ಮೇಲೆ ಕಿರಣ್ ಬಂದು, ಹಾಡಿನ ಪುಸ್ತಕಗಳನ್ನು ಪಕ್ಕಕ್ಕಿಟ್ಟು ಅಂಗಳದ ಬೆಂಚಿನಲ್ಲಿ ಕೂತ. ಮುಖ ಇನ್ನೂ ಸಪ್ಪಗಿತ್ತು.

"ಫಾದರ್‌ಗೆ ನೀನೇ ಹೇಳಿದೆಯಂತೆ."

"ಹೂಂ. ಮುಂದಿನ ವರ್ಷ ಮತ್ತೆ ಬರೆದುಕೊಡ್ತಾರೆ. ನೀನೇ ತಗೊಂಡು ಹೋಗು... ನನ್ನ ಕೈಗೆ ಕೊಡಬೇಡ."

ಕಿರಣ್ ಆಗಲಿ ಎಂಬಂತೆ ತಲೆಯಾಡಿಸಿದ.

"ಇನ್ನೇನಾದ್ರೂ ಮನಸ್ಸಲ್ಲಿದ್ರೆ ಈಗಲೇ ಕೇಳಿಬಿಡು."

"ನನ್ನ ಮದುವೆ ಆಗ್ತೀಯಾ?"

"ಆಗ್ತೀನಿ." ಕಿರಣ್ ಕಣ್ಣು ಒರೆಸಿಕೊಂಡ. "ಆದ್ರೆ ಇವತ್ತು ನಿನ್ನ ಮೇಲೆ ತುಂಬಾ ಸಿಟ್ಟಿದೆ, ಹಂಸಿ."

"ಇರಲಿ. ಅದು ಇಳಿಯೋವರೆಗೂ ಪಕ್ಕದಲ್ಲಿ ಕೂತಿರ್ಲಾ?"

ಅವನು ಬೆಂಚಿನ ಮೇಲಿದ್ದ ಹಾಡಿನ ಪುಸ್ತಕಗಳನ್ನೆತ್ತಿ ತೊಡೆಯ ಮೇಲಿಟ್ಟುಕೊಂಡ. ಅಷ್ಟು ಜಾಗ ಅವಳಿಗೆ ಸಾಕಾಯಿತು.