ಬೋಳನ ಗೂಡು

ಮಳೆ ನಿಂತು ಎರಡು ವಾರವಾಗಿತ್ತು. ಕೆರೆಯ ಕೆಂಪು ನೀರು ದಿನಕ್ಕಿಷ್ಟು ತಿಳಿಯಾಗುತ್ತಿತ್ತು. ಮಳೆಗೆ ಬಣ್ಣ ಕಿತ್ತುಹೋದ ಅಂಗಡಿ ಬೋರ್ಡುಗಳೆಲ್ಲ ಒಂದೊಂದಾಗಿ ಬಂದು ಜಗಲಿಯ ಗೋಡೆಗೆ ಒರಗಿ ನಿಂತಿದ್ದವು. ಅಮ್ಮ ಬೋರ್ಡು ಬರೆಯುವವಳು. ಈ ದಿನಗಳಲ್ಲಿ ಅವಳಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ.

ಆ ಬೋರ್ಡುಗಳ ಹಿಂದಿನ ಮೂಲೆಯಲ್ಲಿ ಪೆನ್ಸಿಲ್ ಕೂತು ಮರದ ತುಂಡೊಂದನ್ನು ಉಜ್ಜುತ್ತಿದ್ದಳು. ಕಿವಿಯ ಮೇಲೆ ಸದಾ ಒಂದು ಮೋಟು ಪೆನ್ಸಿಲ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದ ಈ ಐದನೇ ಕ್ಲಾಸಿನ ಹುಡುಗಿಗೆ ಅದೇ ಹೆಸರು ನಿಂತುಬಿಟ್ಟಿತ್ತು.

"ಅಕ್ಕಾ, ಏನದು?" ತಮ್ಮ ಬೋರ್ಡಿನ ಸಂದಿಯಿಂದ ತಲೆ ತೂರಿಸಿದ.

"ಮೀನು."

"ಸವೆದ ಸೋಪ್ ಥರ ಇದೆ."

"ಇನ್ನೂ ಮೀನಾಗಿಲ್ಲ ಕಣೋ. ಸುಮ್ನೆ ನೋಡು."

"ಬೋಳನ ಬದ್ಲಿಗಾ?"

ಪೆನ್ಸಿಲ್‌ಳ ಕೈ ನಿಂತಿತು. "ಮೆಲ್ಲಗೆ ಮಾತಾಡೋ, ಮಾರಾಯ."

ಬೋಳ ಅಂದರೆ ಅತ್ತೆಯ ಸುಳ್ಳುಮೀನು. ಬೆರಳುದ್ದದ ಮರದ ಮೀನು ಅದು. ಅದಕ್ಕೆ ಕೊಕ್ಕೆ ಸಿಕ್ಕಿಸಿ, ದಾರ ಕಟ್ಟಿ, ನೀರಿಗೆ ಬೀಸಿ ಎಸೆದು ಎಳೆದರೆ ಮೀನುಮರಿಯ ಹಾಗೆ ಒಲೆದಾಡುತ್ತ ಬರುತ್ತದೆ. ದೊಡ್ಡ ಮೀನು ಮೋಸಹೋಗಿ ಬಾಯಿ ಹಾಕುತ್ತದೆ.

ಅತ್ತೆ ದೂರದೂರಿಗೆ ಬಸ್ ಓಡಿಸುತ್ತಾಳೆ. ಡ್ಯೂಟಿ ಇಲ್ಲದ ದಿನ ಕೆರೆಯ ದಂಡೆ ಬಿಟ್ಟು ಅಲ್ಲಾಡುವುದಿಲ್ಲ. ಅವಳ ಗಾಳದ ಡಬ್ಬಿಯಲ್ಲಿ ಹನ್ನೆರಡು ಗೂಡುಗಳಿವೆ. ಮೊದಲನೆಯದು ಬೋಳನದು. ಬಣ್ಣವೆಲ್ಲ ಎದ್ದುಹೋಗಿ, ಒಂದು ಕಣ್ಣು ಅಳಿಸಿ, ಮೈತುಂಬ ಗೀರು ಬಿದ್ದಿದ್ದ ಬೋಳ.

"ಅತ್ತೆ, ಇದಕ್ಕೆ ಹೊಸ ಬಣ್ಣ ಹೊಡೀಲಾ?" ಎಂದು ಪೆನ್ಸಿಲ್ ಎಷ್ಟೋ ಸಲ ಕೇಳಿದ್ದಳು.

"ಕೈ ಹಾಕಿದ್ರೆ ನೋಡು. ಅವನು ಹಾಗೇ ಇರ್ಲಿ," ಎನ್ನುತ್ತಿದ್ದಳು ಅತ್ತೆ. ಯಾಕೆ ಅಂತ ಮಾತ್ರ ಹೇಳುತ್ತಿರಲಿಲ್ಲ.

ಹೋದ ಭಾನುವಾರ ಅತ್ತೆ ಡ್ಯೂಟಿಗೆ ಹೋದ ಮೇಲೆ ಪೆನ್ಸಿಲ್ ಅವಳನ್ನು ಕೇಳದೆ ಬೋಳನನ್ನು ತೆಗೆದುಕೊಂಡು ಕೆರೆಗೆ ಹೋಗಿದ್ದಳು. ಮೂರನೇ ಎಸೆತಕ್ಕೇ ಅವನು ನೀರಲ್ಲಿ ಮುಳುಗಿದ್ದ ಮರಕ್ಕೆ ಸಿಕ್ಕಿಕೊಂಡ. ಅವಳು ಎಳೆದಳು. ತಮ್ಮನೂ ಎಳೆದ. ಟಪ್ ಅಂತ ದಾರ ಹರಿಯಿತು. ಬೋಳ ಕೆರೆಯೊಳಗೇ ಉಳಿದ.

ಅತ್ತೆ ಶನಿವಾರ ಬರುತ್ತಾಳೆ. ಅಷ್ಟರಲ್ಲಿ ಹೊಸ ಮೀನು ತಯಾರಾಗಬೇಕು. ಅದರ ಚೆಂದ ನೋಡಿ ಅತ್ತೆಗೆ ಕೋಪ ಮಾಡಿಕೊಳ್ಳುವುದೇ ಮರೆತುಹೋಗಬೇಕು.

ಹಣ್ಣಿನ ಒಡೆದ ಪೆಟ್ಟಿಗೆಯ ಮರದ ಪಟ್ಟಿಯಿಂದ ಮೀನಿನ ಮೈ ಬಂತು. ತಲೆಯಿಂದ ಬಾಲದವರೆಗೆ ತಂತಿ ಹಾಯಿಸಿದ್ದಾಯಿತು. ಬಾಯಿಯ ಕೆಳಗೆ, ನೀರನ್ನು ತಳ್ಳಲು, ಒಂದು ಪ್ಲಾಸ್ಟಿಕ್ ನಾಲಿಗೆ ಬೇಕಿತ್ತು. ಪೆನ್ಸಿಲ್‌ಳ ಹದಿನೈದು ಸೆಂಟಿಮೀಟರಿನ ಸ್ಕೇಲು ಹನ್ನೆರಡಾಯಿತು.

ಬುಧವಾರ ಸಂಜೆ ಅಮ್ಮನ ದನಿ ಕೇಳಿತು. "ನನ್ನ ನೀಲಿ ಪೇಂಟಿನ ಡಬ್ಬಿ ಮುಚ್ಚಳ ತೆಗೆದೋರು ಯಾರು?"

ತಮ್ಮ ತಕ್ಷಣ ಅಕ್ಕನ ಕಡೆ ಬೆರಳು ತೋರಿಸಿದ. ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಪೆನ್ಸಿಲ್ ಎಲ್ಲವನ್ನೂ ಹೇಳಿದಳು.

ಅಮ್ಮ ಬ್ರಷ್ ಒರೆಸುತ್ತ ಕೇಳಿಸಿಕೊಂಡಳು. "ಅತ್ತೆಗೆ ನೀನೇ ಹೇಳ್ಬೇಕು. ನಾನು ಮಧ್ಯೆ ಬರಲ್ಲ." ಆಮೇಲೆ ಮೀನನ್ನು ಎತ್ತಿ ನೋಡಿದಳು. "ಒಂದು ಕೋಟ್ ಒಣಗೋ ಮುಂಚೆ ಇನ್ನೊಂದು ಹೊಡೀಬೇಡ. ಮೂರು ಕೋಟ್ ಆದ್ರೆ ಬಿಸಿಲು, ಮಳೆ ಏನೂ ಮಾಡಲ್ಲ."

ಮೂರು ಆದರೆ ಗಟ್ಟಿ, ಐದಾದರೆ ಇನ್ನೂ ಗಟ್ಟಿ ಎಂದುಕೊಂಡಳು ಪೆನ್ಸಿಲ್. ಬೆನ್ನಿಗೆ ಐದು ಕೋಟ್ ಕಡುನೀಲಿ ಬಿತ್ತು. ಹೊಟ್ಟೆಗೆ ಬಿಳಿ, ಒಂದೇ ಕೈ.

ಮೀನಿನ ಮೈಮೇಲಿರುವ ಪುಟ್ಟ ಬಿಲ್ಲೆಗಳಂಥ ಹುರುಪೆ ಮಾತ್ರ ಬರಲೊಲ್ಲದು. ಒಂದೊಂದಾಗಿ ಬರೆಯಲು ಹೋದರೆ ಇಟ್ಟಿಗೆ ಗೋಡೆಯ ಹಾಗೆ ಕಂಡಿತು. ಆಗ ಅಡುಗೆಮನೆಯಲ್ಲಿ ನೇತಾಡುತ್ತಿದ್ದ ಈರುಳ್ಳಿಯ ಬಲೆಚೀಲ ಅವಳ ಕಣ್ಣಿಗೆ ಬಿತ್ತು. ಅದರ ಒಂದು ತುಂಡನ್ನು ಮೀನಿನ ಮೈಗೆ ಬಿಗಿಯಾಗಿ ಸುತ್ತಿ, ಸ್ಪಂಜನ್ನು ಬೆಳ್ಳಿ ಬಣ್ಣದಲ್ಲಿ ಅದ್ದಿ, ಮೆಲ್ಲಗೆ ಒತ್ತಿದಳು.

"ತೆಗಿ, ತೆಗಿ," ತಮ್ಮ ಕುಣಿದಾಡಿದ.

"ತಡಿಯೋ. ಒಣಗ್ಲಿ."

"ಒಣಗಿರತ್ತೆ ಅಕ್ಕ. ಒಂಚೂರು ತೆಗಿ."

ಕೊನೆಗೆ ಪೆನ್ಸಿಲ್ ಬಲೆ ಬಿಚ್ಚಿದಳು. ತಲೆಯಿಂದ ಬಾಲದವರೆಗೆ ಪುಟ್ಟ ಪುಟ್ಟ ಬೆಳ್ಳಿ ಹುರುಪೆಗಳು ಸಾಲು ಹಿಡಿದು ಹೊಳೆಯುತ್ತಿದ್ದವು. ಬೆಂಕಿಕಡ್ಡಿಯ ತುದಿಯಿಂದ ಕಪ್ಪು ಕಣ್ಣಿಟ್ಟಾಗ ಮೀನು ಅವರನ್ನೇ ನೋಡತೊಡಗಿತು.

"ಅಕ್ಕಾ, ಇದು ಕಚ್ಚತ್ತೆ," ಎಂದ ತಮ್ಮ.

ಶನಿವಾರ ಮಧ್ಯಾಹ್ನ ಹಿತ್ತಲಿನ ನೀರಿನ ಡ್ರಮ್ಮಿನ ಮುಂದೆ ಪರೀಕ್ಷೆ. ಪೆನ್ಸಿಲ್ ದಾರ ಹಿಡಿದು ಮೀನನ್ನು ಮೆಲ್ಲಗೆ ಇಳಿಬಿಟ್ಟಳು. ಅದು ಒಮ್ಮೆ ಹೊರಳಿ, ಬಿಳಿ ಹೊಟ್ಟೆ ಮೇಲೆ ಮಾಡಿ ತೇಲಿತು. ಎಳೆದರೆ ಗಿರಗಿರ ತಿರುಗಿತು. ಬಿಟ್ಟರೆ ಮತ್ತೆ ಅಂಗಾತ.

"ಸತ್ತೋಯ್ತು," ಎಂದ ತಮ್ಮ ಸಣ್ಣ ದನಿಯಲ್ಲಿ.

"ಯಾರಿಗೆ ಸ್ನಾನ ಮಾಡಿಸ್ತಿದ್ದೀರಾ?"

ಹಿಂದೆ ಅತ್ತೆ ನಿಂತಿದ್ದಳು. ಮೈಮೇಲೆ ಇನ್ನೂ ಯೂನಿಫಾರ್ಮ್ ಇತ್ತು, ಹೆಗಲಲ್ಲಿ ಬ್ಯಾಗು. ಪೆನ್ಸಿಲ್ ವಾರವಿಡೀ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಎಲ್ಲಿಗೋ ಹೋದವು.

"ಅತ್ತೆ, ನಾನು ಕೇಳ್ದೆ ಬೋಳನ್ನ ತಗೊಂಡೆ. ಕಳೆದುಹೋದ."

ಅತ್ತೆ ಬ್ಯಾಗನ್ನು ನೆಲಕ್ಕಿಟ್ಟಳು. ಡ್ರಮ್ಮಿನಲ್ಲಿ ಅಂಗಾತ ತೇಲುತ್ತಿದ್ದ ಮೀನನ್ನೇ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಪೆನ್ಸಿಲ್‌ಗೆ.

"ಎಲ್ಲಿ?"

"ಪಂಪ್‌ಹೌಸ್ ಎದುರು. ಮುಳುಗಿದ ಮರದ ಹತ್ರ."

"ಹೂಂ." ಅತ್ತೆ ಡ್ರಮ್ಮಿನಿಂದ ಹೊಸ ಮೀನನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿದಳು. "ಹುರುಪೆ ಹೆಂಗೆ ಮಾಡಿದೆ?"

"ಈರುಳ್ಳಿ ಚೀಲ."

"ಬೆನ್ನಿಗೆ ಎಷ್ಟು ಕೋಟು?"

"ಐದು."

"ಹೊಟ್ಟೆಗೆ?"

"ಒಂದು. ಹೊಟ್ಟೆ ಯಾರಿಗೆ ಕಾಣತ್ತೆ?"

"ಮೀನಿಗೆ," ಎಂದಳು ಅತ್ತೆ. "ಅದು ಕೆಳಗಿಂದ ನೋಡೋದು. ನೀನು ಮೀನು ಮಾಡಿಲ್ಲ ಕಣೇ, ಬೋರ್ಡು ಬರೆದಿದ್ದೀಯ. ಅಮ್ಮನ ಮಗಳೇ ಸರಿ."

"ನನ್ನನ್ನ ಯಾಕೆ ಎಳೀತೀರಾ?" ಜಗಲಿಯಿಂದ ಅಮ್ಮನ ದನಿ ಬಂತು.

ಅತ್ತೆಯ ತುಟಿ ಒಂದಿಷ್ಟು ಅರಳಿತು. "ಬೆನ್ನು ಭಾರ, ಹೊಟ್ಟೆ ಹಗುರ. ಅಂಗಾತ ಬೀಳದೆ ಇನ್ನೇನು ಮಾಡತ್ತೆ? ಹೊಟ್ಟೆ ಕೊರೆದು ಒಳಗೆ ಗುಂಡು ಕೂರಿಸ್ಬೇಕು. ಬೆನ್ನು ಉಜ್ಜಿ ಇಳಿಸ್ಬೇಕು."

"ಹುರುಪೆ ಹೋಗತ್ತಲ್ಲ?"

"ಹೋಗತ್ತೆ. ಗೋಡೆಗೆ ನೇತು ಹಾಕೋದಾದ್ರೆ ಹೀಗೇ ಚೆನ್ನಾಗಿದೆ. ನಿನ್ನ ಮೀನು, ನೀನೇ ಹೇಳು."

ಪೆನ್ಸಿಲ್ ಮೀನನ್ನು ಬಿಸಿಲಿಗೆ ಹಿಡಿದಳು. ಹುರುಪೆಗಳು ಮಿಂಚಿದವು. ಇನ್ನೊಮ್ಮೆ ನೋಡಿ, ಒಳಗೆ ಹೋಗಿ ಉಜ್ಜುವ ಕಾಗದ ತಂದಳು.

ಬೆಳ್ಳಿ ಪುಡಿ ನೆಲದ ಮೇಲೆ ಉದುರಿತು. ಅತ್ತೆ ಮೀನನ್ನು ಅದುಮಿ ಹಿಡಿದಳು, ಪೆನ್ಸಿಲ್ ಬೈರಿಗೆ ತಿರುಗಿಸಿ ಹೊಟ್ಟೆಗೆ ತೂತು ಕೊರೆದಳು. ಅತ್ತೆ ಹಳೇ ಸೈಕಲ್ಲಿನ ಎರಡು ಕಬ್ಬಿಣದ ಗುಂಡುಗಳನ್ನು ಕೂರಿಸಿ ಅಂಟಿನಿಂದ ಮುಚ್ಚಿದಳು. ಬೆನ್ನಿಗೆ ಒಂದು ತೆಳು ಕೋಟ್ ನೀಲಿ. ಹೊಟ್ಟೆಗೆ ಮತ್ತೆ ಬಿಳಿ. ಪಕ್ಕೆಗಳಲ್ಲಿ ಮಾತ್ರ ಒಂದಿಷ್ಟು ಹುರುಪೆ ಉಳಿದಿತ್ತು.

ಮರುದಿನ ಸಂಜೆ, ಬಣ್ಣ ಒಣಗಿದ ಮೇಲೆ, ಮೂವರೂ ಕೆರೆಗೆ ಹೋದರು. ಅತ್ತೆ ಕೊಕ್ಕೆ ಸಿಕ್ಕಿಸಿ ಕೋಲನ್ನು ಪೆನ್ಸಿಲ್‌ಳ ಕೈಗೆ ಕೊಟ್ಟಳು. "ಮೀನು ಮಾಡಿದೋರದ್ದೇ ಮೊದಲ ಎಸೆತ. ಮರದ ಕಡೆ ಬೇಡ."

ಮೀನು ದೂರ ಹಾರಿ ತೊಪ್ಪನೆ ಬಿತ್ತು. ಪೆನ್ಸಿಲ್ ರೀಲ್ ಸುತ್ತಿದಳು. ಕೋಲಿನ ತುದಿ ಪಟಪಟ ನಡುಗಿತು. ಆ ನಡುಕ ಕೋಲಿಗುಂಟ ಇಳಿದು ಅವಳ ಅಂಗೈಗೆ ಬಂತು.

"ಅತ್ತೆ, ಈಜ್ತಾ ಇದೆ. ಕೈಗೆ ಗೊತ್ತಾಗ್ತಾ ಇದೆ."

ತಿಳಿನೀರಿನಲ್ಲಿ ಅದು ಬಾಲ ಒಲೆದಾಡಿಸುತ್ತ ದಂಡೆಯತ್ತ ಬರುತ್ತಿತ್ತು. ಸವೆದ ಸೋಪಿನ ಹಾಗಿದ್ದ ಆ ಮರದ ತುಂಡೇ.

ಎಂಟನೇ ಎಸೆತಕ್ಕೆ ಕೋಲು ಬಿಲ್ಲಿನಂತೆ ಬಾಗಿತು.

"ಎಳೀಬೇಡ, ಬಿಡು, ಬಿಡು, ಈಗ ಸುತ್ತು," ಅತ್ತೆ ನೀರಿಗೇ ಇಳಿದಿದ್ದಳು. ತಮ್ಮ ಅಕ್ಕನ ಸೊಂಟ ಹಿಡಿದು ನೇತಾಡಿದ. ಒಂದು ಕಪ್ಪು ಬೆನ್ನು ನೀರನ್ನು ಸೀಳಿ ಮೇಲೆದ್ದು, ತಲೆ ಕೊಡವಿ, ಧಪ್ಪನೆ ಬಿತ್ತು. ದಾರ ಸಡಿಲವಾಯಿತು.

ದೊಡ್ಡ ಮೀನು ತಪ್ಪಿಸಿಕೊಂಡು ಹೋಯಿತು. ಆಮೇಲೆ ಅತ್ತೆ ನಗತೊಡಗಿದಳು, ಒದ್ದೆ ಪ್ಯಾಂಟಿನಲ್ಲೇ ನಿಂತು.

ಪೆನ್ಸಿಲ್ ಸುಳ್ಳುಮೀನನ್ನು ಎಳೆದುಕೊಂಡು ನೋಡಿದಳು. ನೀಲಿ ಬೆನ್ನಿನ ಮೇಲೆ ಉದ್ದಕ್ಕೆ ಎರಡು ಹಲ್ಲಿನ ಗೀರು. ಒಳಗಿನ ಮರ ಕಾಣುತ್ತಿತ್ತು.

"ಹೋಗ್ಲಿ ಬಿಡಕ್ಕ," ಎಂದ ತಮ್ಮ. "ಮನೆಗೆ ಹೋಗಿ ಮತ್ತೆ ಬಣ್ಣ ಹೊಡಿ."

ಪೆನ್ಸಿಲ್ ಗೀರಿನ ಮೇಲೆ ಬೆರಳಾಡಿಸಿದಳು. ಬೋಳನ ಮೈಮೇಲೆ ಇಂಥವು ಎಷ್ಟಿದ್ದವು? ಅವಳು ಒಮ್ಮೆಯೂ ಎಣಿಸಿರಲಿಲ್ಲ.

"ಬೇಡ," ಎಂದಳು. "ಹಾಗೇ ಇರ್ಲಿ."

ಅತ್ತೆ ಅವಳ ಕಡೆ ತಿರುಗಿ ನೋಡಿದಳು. ಗಾಳದ ಡಬ್ಬಿ ತೆರೆದು, ಹೊಸ ಮೀನನ್ನು ಒರೆಸಿ, ಎರಡನೇ ಗೂಡಿನಲ್ಲಿಟ್ಟಳು. ಮೊದಲನೆಯದು ಖಾಲಿಯಾಗಿಯೇ ಉಳಿಯಿತು.

ಪೆನ್ಸಿಲ್ ಆ ಖಾಲಿ ಗೂಡನ್ನೇ ನೋಡುತ್ತಿದ್ದಳು.

"ಬೇಸಿಗೇಲಿ ನೀರು ಎಷ್ಟು ಇಳಿಯತ್ತೆ ಅತ್ತೆ?"

"ಪಂಪ್‌ಹೌಸಿನ ಕೊನೇ ಮೆಟ್ಟಿಲವರೆಗೂ ಇಳಿಯತ್ತೆ."

"ಆ ಮರ ಕಾಣತ್ತಾ?"

"ಬುಡದವರೆಗೂ ಕಾಣತ್ತೆ."

ಪೆನ್ಸಿಲ್ ಕಿವಿಯ ಮೇಲಿನ ಮೋಟು ಪೆನ್ಸಿಲ್ ತೆಗೆದು, ಡಬ್ಬಿಯ ಮುಚ್ಚಳದ ಒಳಗೆ, ಖಾಲಿ ಗೂಡಿನ ನೇರಕ್ಕೆ, ಒಂದು ಪುಟ್ಟ ಮರ ಬರೆದಳು. ಕೊಂಬೆಯಲ್ಲಿ ಬೋಳನಿಗೊಂದು ಚುಕ್ಕೆ ಇಟ್ಟಳು.