ಹನ್ನೆರಡು ಅಡಿ ದಾರಿ

"ಈ ಗೆರೆ ಸರಿಸಿದ್ದು ಯಾರು?"

ವಿಜಯಶ್ರೀ ಹಿಂದಿಯಲ್ಲಿ ಕೇಳಿದಳು. ಧ್ವನಿ ಏರಿಸಲಿಲ್ಲ. ಆದರೂ ಸೈಟಿನಲ್ಲಿದ್ದ ಕೆಲಸದವರು ಕೈ ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅದು ಎರಡು ಸಾವಿರದ ಐದನೇ ಇಸವಿ. ತೆಲುಗು ನಾಡಿನ ರಾಜಧಾನಿಯ ಅಂಚಿನ ಮಾದಾಪುರದಲ್ಲಿ ದಿನಕ್ಕೊಂದು ಬಂಡೆ ಒಡೆದು ಸಾಫ್ಟ್‌ವೇರ್ ಕಂಪನಿಗಳಿಗೆ ಜಾಗ ಮಾಡುತ್ತಿದ್ದ ಕಾಲ. ಇಲ್ಲೂ ಐದು ಮಹಡಿಯ ಗಾಜಿನ ಕಟ್ಟಡ ಏಳಬೇಕಿತ್ತು. ನಕ್ಷೆ ವಿಜಯಶ್ರೀಯದು. ಆರ್ಕಿಟೆಕ್ಟ್ ಆಗಿ ಅವಳ ಮೊದಲ ದೊಡ್ಡ ಕೆಲಸ. ಕಾಂಪೌಂಡ್ ಗೋಡೆಗೆ ನೆಲದ ಮೇಲೆ ಹಾಕಿದ್ದ ಸುಣ್ಣದ ಗೆರೆ ಎಡಬದಿಯಲ್ಲಿ ಹನ್ನೆರಡು ಅಡಿ ಒಳಗೆ ಬಂದಿತ್ತು.

"ಎಂಥಾ ಮಂದಿ ಅದಾರಪಾ..." ಎಂದು ತನ್ನಷ್ಟಕ್ಕೆ ಮನೆಮಾತಿನಲ್ಲಿ ಗೊಣಗಿದಳು.

"ನಾನೇ ಸರಿಸೀನ್ರಿ."

ಜವಾಬು ಕನ್ನಡದಲ್ಲೇ ಬಂದಿತ್ತು! ತಿರುಗಿ ನೋಡಿದರೆ ದಾರದ ಉಂಡೆ ಹಿಡಿದು ನಿಂತವನೊಬ್ಬ. ಬಿಸಿಲಿಗೆ ಕಂದಿದ ಮುಖ, ಅಂಗಿಯ ತೋಳಿಗೆಲ್ಲ ಸುಣ್ಣ. ಕಣ್ಣಿನಲ್ಲಿ ಹೆದರಿಕೆ ಅನ್ನುವುದು ಹುಡುಕಿದರೂ ಇರಲಿಲ್ಲ. ಭೀಮಾಶಂಕರ, ಸೇಡಂ ಕಡೆಯವನು, ಸೈಟ್ ಇಂಜಿನಿಯರ್.

"ಯಾರನ್ನ ಕೇಳಿ ಸರಿಸಿದ್ರಿ?"

"ಇಲ್ಲಿ ದಾರಿ ಐತ್ರಿ. ಹಿಂದಿನ ಹಳೇ ರಸ್ತೆದಾಗ ಬಸ್‌ಸ್ಟಾಪು, ಸಾಲಿ, ನೀರಿನ ನಳ. ಮುಂದಿನ ಶೆಡ್ಡಿನ ಮಂದಿ ಎಲ್ಲಾ ಇದರಾಗೇ ಹೋಗ್ತಾರ. ಗೋಡಿ ಎದ್ರ ಎರಡು ಕಿಲೋಮೀಟರ್ ಸುತ್ತಬೇಕ್ರಿ."

"ನನ್ನ ನಕ್ಷೆದಾಗ ಇಲ್ಲಿ ದಾರಿ ಇಲ್ಲ."

"ಅದನ್ನೇ ಹೇಳಾಕತ್ತೀನ್ರಿ. ನಿಮ್ಮ ನಕ್ಷೆದಾಗ ಗೋಡಿ ಆಚೆ ಏನೂ ಇಲ್ಲ, ಬರೇ ಬಿಳಿ ಹಾಳಿ. ನೀವು ಬರದದ್ದು ಕಟ್ಟಡ ಅಲ್ರಿ, ಪೆಟ್ಟಿಗಿ. ಎಲ್ಲಿ ಬೇಕಾದ್ರೂ ಇಡಬಹುದು."

ಪೆಟ್ಟಿಗೆ! ಐದು ವರ್ಷ ಓದಿ, ಮೂರು ವರ್ಷ ಇನ್ನೊಬ್ಬರ ಕೈಕೆಳಗೆ ದುಡಿದು ಬರೆದ ನಕ್ಷೆ ಈ ಮನುಷ್ಯನಿಗೆ ಪೆಟ್ಟಿಗೆ. ವಿಜಯಶ್ರೀಗೆ ಮೈಯೆಲ್ಲ ಉರಿದುಹೋಯಿತು.

"ಗೆರೆ ಮೊದಲಿನಂಗ ಹಾಕ್ರಿ" ಎಂದಳು.

"ಹಾಕ್ತೀನ್ರಿ. ಅದಕ್ಕೂ ಮೊದಲು ಒಂದ್ಸಲ ಈ ದಾರಿ ನಡದು ಬರ್ರಿ. ಆಮೇಲೆ ನೀವು ಹೇಳಿದಂಗ."

ನಡೆಯುವುದಿಲ್ಲ ಅಂದಿದ್ದರೆ ಸೋತಂತೆ. ಹಾಗಾಗಿ ನಡೆದಳು.

ಅರ್ಧ ದಾರಿಯಲ್ಲಿ ಬೇವಿನ ಮರ. ಅದರ ಕೆಳಗೆ ಜೋಳದ ರೊಟ್ಟಿ ಮಾರುವ ಸೂಗಮ್ಮ. ಸೈಟಿನ ಅರ್ಧ ಜನರ ಹೊಟ್ಟೆ ಅವಳ ಬುಟ್ಟಿಯಿಂದಲೇ ತುಂಬುತ್ತಿತ್ತು. ಶಾಲೆಯ ಹುಡುಗಿಯರು, ಕೊಡ ಹೊತ್ತವರು, ಬಸ್ಸಿಗೆ ಓಡುವವರು... ಹಳೇ ರಸ್ತೆ ಮುಟ್ಟಲು ನಾಲ್ಕೇ ನಿಮಿಷ.

"ಗೋಡಿ ಕಟ್ತಾರಂತಲ್ಲಬೇ, ನಾ ಎಲ್ಲಿ ಕುಂದರ್ಲಿ?" ಸೂಗಮ್ಮ ಅವಳನ್ನೇ ಕೇಳಿದಳು. ಗೋಡೆಯ ನಕ್ಷೆ ಬರೆದವಳು ಇವಳೇ ಅಂತ ಅವಳಿಗೆ ಗೊತ್ತಿರಲಿಲ್ಲ.

ಊರಿನ ಇನ್ನೊಂದು ತುದಿಯ ಕುಷಾಯಿಗೂಡದಲ್ಲಿ ವಿಜಯಶ್ರೀಯ ಅಪ್ಪ ಮೂವತ್ತು ವರ್ಷ ಇಂಥದ್ದೇ ಓಣಿಯಲ್ಲಿ ನಡೆದು ಫ್ಯಾಕ್ಟರಿ ಗೇಟು ಮುಟ್ಟಿದ್ದರು. ಅವರ ಕೈಹಿಡಿದು ನಡೆದ ಹುಡುಗಿ ದೊಡ್ಡವಳಾಗಿ ಓಣಿಯನ್ನೇ ಕಾಗದದಿಂದ ಒರೆಸಿದ್ದಳು! ನಾಚಿಕೆಯಾಯಿತು. ನಾಚಿಕೆ ಮಾಡಿಸಿದವನ ಮೇಲೆ ಸಿಟ್ಟೂ ಬಂತು. ಆ ಸಿಟ್ಟಿನೊಳಗೆ ಇನ್ನೇನೋ ಇತ್ತು, ಅದಕ್ಕೆ ಹೆಸರಿಡಲು ಹೋಗಲಿಲ್ಲ.

ವಾಪಸ್ ಬಂದು ದಾರದ ಒಂದು ತುದಿ ತಾನೇ ಹಿಡಿದಳು.

"ಗೆರೆ ನೀವು ಹಾಕಿದಲ್ಲೇ ಇರಲಿ. ಹೊಸ ಹಾಳಿ ಬರದು ಕೊಡ್ತೀನಿ. ಮಾಲೀಕರನ್ನ ಒಪ್ಪಿಸೋದು ನನಗ ಬಿಡ್ರಿ."

ಅವನು ಮೊದಲ ಸಲ ನಕ್ಕ. ಅಯ್ಯೋ, ಈ ಮನುಷ್ಯ ನಗಬಾರದಿತ್ತು... ಅನಿಸಿತು ಅವಳಿಗೆ.

ಆಮೇಲಿನ ಎರಡು ತಿಂಗಳು ಅವಳಿಗೆ ಸೈಟಿನಲ್ಲಿ ದಿನಾ ಏನಾದರೊಂದು ಕೆಲಸ ಸಿಗುತ್ತಿತ್ತು. ಬೇವಿನ ಮರದ ಕೆಳಗೆ ಇಬ್ಬರೂ ಸೂಗಮ್ಮನ ರೊಟ್ಟಿ, ಪುಂಡಿಪಲ್ಯ ತಿನ್ನುತ್ತಾ ಜಗಳವಾಡುತ್ತಿದ್ದರು. ಕಿಟಕಿಯ ಬಗ್ಗೆ, ಬಿಸಿಲಿನ ಬಗ್ಗೆ, ಗಾಜು ಯಾಕೆ ಅನ್ನುವ ಬಗ್ಗೆ. ಪ್ರೀತಿಯ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ, ಜಾಣರು ನೋಡಿ!

ಹೊಸ ಹಾಳೆ ಬರೆದಳು. ಅದರಲ್ಲಿ ದಾರಿಯಿತ್ತು, ಮರವಿತ್ತು, ಬಸ್‌ಸ್ಟಾಪಿತ್ತು. ಮಾಲೀಕರ ಒಪ್ಪಿಗೆಗೆ ಕಾದು ಅದನ್ನು ಆಫೀಸಿನಲ್ಲೇ ಇಟ್ಟುಕೊಂಡಳು. ಆದರೆ ಒಂದನ್ನು ಮರೆತಳು. ಹೊಸ ಹಾಳೆ ಬರೆದರೆ ಹಳೆಯದನ್ನು ಸೈಟಿನಿಂದ ವಾಪಸ್ ತರಬೇಕು. ಆಫೀಸಿಗೆ ಸೇರಿದ ಮೊದಲ ವಾರ ಕಲಿಸುವ ಪಾಠ ಅದು. ಅವಳ ಸಹಿಯಿದ್ದ ಹಳೇ ಹಾಳೆ ಮೇಸ್ತ್ರಿ ದ್ಯಾವಪ್ಪನ ಚೀಲದಲ್ಲೇ ಉಳಿಯಿತು.

ಭೀಮಾಶಂಕರ ನಾಲ್ಕು ದಿನ ಊರಿಗೆ ಹೋದಾಗ ದ್ಯಾವಪ್ಪ ಆ ಹಾಳೆ ಬಿಚ್ಚಿದ. ಸಹಿಯಿದೆ, ಆಫೀಸಿನ ಮೊಹರಿದೆ. ಪಾಪ, ಸುಣ್ಣದ ಗೆರೆ ನಂಬುತ್ತಾನೋ, ಸಹಿ ನಂಬುತ್ತಾನೋ? ಹಳೇ ಹಾಳೆಯ ನೇರಕ್ಕೆ ಗೋಡೆ ಕಟ್ಟಿಬಿಟ್ಟ.

ಅವನಿಲ್ಲದ ಸೈಟಿನಲ್ಲಿ ಕೆಲಸವಿಲ್ಲದ ವಿಜಯಶ್ರೀ ಐದು ದಿನ ಬಿಟ್ಟು ಬಂದಾಗ ದಾರಿಯಿದ್ದಲ್ಲಿ ಆಳೆತ್ತರದ ಇಟ್ಟಿಗೆ ಗೋಡೆ. ಭೀಮಾಶಂಕರ ಇರಲಿಲ್ಲ. ಸೂಗಮ್ಮ ರಸ್ತೆಯ ಬಿಸಿಲಿನಲ್ಲಿ ಕುಳಿತಿದ್ದಳು.

"ನಿನ್ನೆ ಬಂದಿದ್ದ. ಹಾಳಿ ಮ್ಯಾಲೆ ನಿನ್ನ ಸಹಿ ನೋಡಿದ. ಹೊಸ ಹಾಳಿ ಅನ್ನೂದು ಬರೇ ಮಾತಾತು ಅಂದ. ಈ ಕೆಲಸ ಬಿಟ್ಟು ಶಂಶಾಬಾದಿನ ವಿಮಾನ ನಿಲ್ದಾಣದ ಕೆಲಸಕ್ಕ ಹೋದ." ಸೂಗಮ್ಮ ಮುಖ ನೋಡದೆ ಹೇಳಿದಳು. "ನೀ ಹಿಂಗ ಮಾಡ್ತಿ ಅಂತ ನಾವ್ಯಾರೂ ತಿಳಕೊಂಡಿದ್ದಿಲ್ಲ."

ಫೋನ್ ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು... ಎತ್ತಲಿಲ್ಲ.

ಒಂದು ಮಾತು ಕೇಳಬಾರದಿತ್ತೇ? ಇಷ್ಟೇನಾ ನನ್ನ ಮೇಲಿನ ನಂಬಿಕೆ? ಬಸ್ಸಿನಲ್ಲಿ ಎಲ್ಲರೆದುರೇ ಅತ್ತಳು. ಕುಷಾಯಿಗೂಡ ಬರುವಷ್ಟರಲ್ಲಿ ಕಣ್ಣು ಒರೆಸಿಕೊಂಡಳು. ಅವನು ಬರಲಿ, ಬಿಡಲಿ. ಗೋಡೆ ನಿಂತದ್ದು ತನ್ನ ಮರೆವಿನಿಂದ. ಅದನ್ನು ಬೀಳಿಸುವುದೂ ತನ್ನದೇ ಕೆಲಸ.

ಕಟ್ಟಡದ ಮಾದರಿ ತೋರಿಸುವ ದಿನ ಬಂತು. ಮಾಲೀಕ ಸತೀಶ ಬಂದು ಕುಳಿತಿದ್ದರು. ವಿಜಯಶ್ರೀಯ ಬಾಸ್ ರಾಮಕೃಷ್ಣ ಮಾದರಿಗೆ ಹೊದಿಸಿದ್ದ ಬಟ್ಟೆ ಸರಿಸಿ ಬೆಚ್ಚಿಬಿದ್ದರು. ಮೇಜು ತುಂಬುವ ಮಾದರಿ! ನಡುವೆ ಗಾಜಿನ ಕಟ್ಟಡ, ಸುತ್ತ ತಗಡಿನ ಶೆಡ್ಡು, ಬೇವಿನ ಮರ, ನಳ, ಶಾಲೆ. ಎಲ್ಲದರ ನಡುವೆ ಒಂದು ಕೆಂಪು ದಾರ.

"ಕಟ್ಟಡ ಮಾಡು ಅಂದರೆ ಊರನ್ನೇ ತಂದಿದ್ದೀಯಲ್ಲಮ್ಮ" ಎಂದರು ರಾಮಕೃಷ್ಣ ತೆಲುಗಿನಲ್ಲಿ. "ಗೋಡೆಯಿಂದಾಚೆಗಿನದು ಕತ್ತರಿಸಿ ತಾ."

"ಕತ್ತರಿಸುವುದಿಲ್ಲ ಸರ್. ಇಷ್ಟು ದಿನ ಕತ್ತರಿಸಿದ್ದೇ ತಪ್ಪು. ಬಿಳಿ ಹಲಗೆಯ ಮೇಲೆ ಒಂದೇ ಕಟ್ಟಡ ನಿಲ್ಲಿಸಿ, ಬೆಳಕು ಬಿಟ್ಟು, ಎಷ್ಟು ಚೆಂದ ಅಂತ ನಾವೇ ಚಪ್ಪಾಳೆ ತಟ್ಟುತ್ತೇವೆ. ಕಟ್ಟಡ ನಿಲ್ಲುವುದು ಹಲಗೆಯ ಮೇಲಲ್ಲ. ಜನ ನಡೆಯುವ ನೆಲದ ಮೇಲೆ."

"ವಿಜಯಶ್ರೀ, ಸಾಕು."

"ಆ ಗೋಡೆ ನನ್ನ ತಪ್ಪಿನಿಂದ ಎದ್ದಿದೆ, ಒಪ್ಪುತ್ತೇನೆ. ಅದು ಇರುವ ತನಕ ಮುಂದಿನ ಒಂದು ಹಾಳೆಗೂ ನನ್ನ ಸಹಿ ಸಿಗುವುದಿಲ್ಲ."

"ಬೇರೆಯವರು ಹಾಕುತ್ತಾರೆ."

"ಹಾಕಲಿ ಸರ್. ನನ್ನ ಹೆಸರು ತೆಗೆಯಿರಿ. ಹೆಸರು ಹೋದರೂ ಈ ದಾರಿ ಇದ್ದದ್ದು ಸುಳ್ಳಾಗುವುದಿಲ್ಲ."

ಸತೀಶ ಕೆಂಪು ದಾರ ಮುಟ್ಟಿ ನೋಡಿದರು. "ಅವರ ದಾರಿಯಿಂದ ನನಗೇನು ಲಾಭ?"

"ನಿಮ್ಮ ಕಟ್ಟಡದಲ್ಲಿ ಸಾವಿರ ಜನ ಕೆಲಸ ಮಾಡುತ್ತಾರೆ. ಕಾರು ನಿಲ್ಲಿಸಲು ಜಾಗ ಇರುವುದು ನೂರೈವತ್ತಕ್ಕೆ. ಉಳಿದವರು ಅಮೀರ್‌ಪೇಟೆಯ ಹಾಸ್ಟೆಲ್‌ಗಳಿಂದ ಬಸ್ಸಿನಲ್ಲಿ ಬಂದು ಹಳೇ ರಸ್ತೆಯಲ್ಲಿ ಇಳಿಯುತ್ತಾರೆ. ನಿಮ್ಮ ಗೋಡೆ ಮೊದಲು ತಡೆಯುವುದು ಅವರನ್ನೇ."

ನಾನೇ ಒಮ್ಮೆ ನಡೆದು ನೋಡುತ್ತೇನೆ ಎಂದರು ಸತೀಶ. ಮರುದಿನ ಆ ಎರಡು ಕಿಲೋಮೀಟರ್ ಸುತ್ತಿ ಬೆವರು ಒರೆಸಿಕೊಳ್ಳುತ್ತಾ ಬಂದವರು ಗೋಡೆ ಕೆಡವಲು ಹೇಳಿದರು.

ರಾಮಕೃಷ್ಣ ಮಾತ್ರ ಕ್ಷಮಿಸಲಿಲ್ಲ. ತಿಂಗಳ ಕೊನೆಗೆ ಬೇರೆ ಕೆಲಸ ನೋಡಿಕೋ ಎಂದರು. ವಿಜಯಶ್ರೀ ತಲೆ ಎತ್ತಿಕೊಂಡೇ ಹೊರಬಂದಳು.

ಭಾನುವಾರ ಬೆಳಿಗ್ಗೆ. ಇಟ್ಟಿಗೆ ಚೂರುಗಳ ನಡುವೆ ಅವಳೊಬ್ಬಳೇ ಸುಣ್ಣದ ಪುಟ್ಟಿ, ದಾರದ ಉಂಡೆ ಹಿಡಿದು ನಿಂತಿದ್ದಳು. ಹೊಸ ಗೆರೆ ತನ್ನ ಕೈಯಿಂದಲೇ ಆಗಬೇಕು ಅನ್ನುವ ಹಟ. ಒಬ್ಬರಿಂದ ಆಗುವ ಕೆಲಸವಲ್ಲ ಅದು. ಗೂಟ ನೆಟ್ಟರೆ ಬೀಳುತ್ತಿತ್ತು, ದಾರ ಸಡಿಲಾಗುತ್ತಿತ್ತು.

"ಗೂಟ ಅಲ್ಲಿ ನಿಂದರಂಗಿಲ್ರಿ. ಕೆಳಗ ಬಂಡಿಗಲ್ಲು ಐತಿ."

ದನಿ ಯಾರದೆಂದು ಗೊತ್ತಿತ್ತು. ಅವಳು ತಿರುಗಲಿಲ್ಲ.

"ಯಾರು ಹೇಳಿದ್ರು ಇಲ್ಲಿಗೆ ಬರಾಕ?"

"ಸೂಗಮ್ಮ ಶಂಶಾಬಾದ್ ತನಕ ಬಂದು ಬೈದು ಹೋದ್ಲು. ಎಲ್ಲಾ ಹೇಳಿದ್ಲು. ನಿಮ್ಮ ಕೆಲಸ ಹೋದದ್ದೂ..." ಭೀಮಾಶಂಕರನ ದನಿ ತಗ್ಗಿತು. "ಒಂದು ಮಾತು ಕೇಳಬೇಕಿತ್ರಿ ನಾನು. ಸಹಿ ನೋಡಿದೆ, ನಿಮ್ಮನ್ನ ನೋಡಲಿಲ್ಲ. ತಪ್ಪಾತು."

"ಹಳೇ ಹಾಳಿ ಬಿಟ್ಟವಳು ನಾನು. ನಂದೂ ತಪ್ಪು." ಈಗ ತಿರುಗಿದಳು. ಕಣ್ಣು ತುಂಬಿತ್ತು, ಗದ್ದ ಮಾತ್ರ ಮೇಲೇ ಇತ್ತು. "ಆದ್ರ ಫೋನ್ ಎತ್ತದ ತಪ್ಪು ನಿಮ್ಮದೇ. ಅದನ್ನ ಭಾಳ ದಿನ ಮರಿಯಂಗಿಲ್ಲ."

"ಮರೀಬ್ಯಾಡ್ರಿ. ದಿನಾ ಎದುರಿಗೆ ನಿಂತು ಬೈರಿ."

"ಒಂಟಿ ಕಟ್ಟಡ ಅನ್ನೋದು ಸುಳ್ಳು ಅಂತ ಎಲ್ಲರೆದುರು ಹೇಳಿ ಬಂದೆ. ನಾನು ಒಬ್ಬಾಕಿನೇ ಇರಬಲ್ಲೆ ಅಂತ ನಿಮ್ಮೆದುರು ಸುಳ್ಳು ಹೇಳಾಕ ಆಗವಲ್ದು." ಉಂಡೆ ಬಿಚ್ಚಿ ದಾರದ ತುದಿ ಮುಂದೆ ಚಾಚಿದಳು. "ಈ ತುದಿ ಹಿಡೀತೀರೇನು?"

ಅವನು ಹತ್ತಿರ ಬಂದ. ದಾರದ ತುದಿ ತೆಗೆದುಕೊಂಡ.

"ಎಷ್ಟೊತ್ತು ಹಿಡೀಬೇಕ್ರಿ?"

"ನಾ ಬಿಡು ಅನ್ನೂತನಕ."

"ನೀವು ಅನ್ನಲಿಲ್ಲ ಅಂದ್ರ?"

"ಅನ್ನಂಗಿಲ್ಲ."

ಅವನು ದಾರವನ್ನು ಬೆರಳಿಗೆ ಎರಡು ಸುತ್ತು ಸುತ್ತಿಕೊಂಡು, ಹನ್ನೆರಡು ಅಡಿ ಒಳಗೆ ಹೋಗಿ ನಿಂತ.