ಕೊಡದೇ ಉಳಿದ ಜೀರೋ ಟಿಕೆಟ್

“ಸಾರ್, ಪ್ಲೀಸ್ ಸಾರ್... ಇದೊಂದ್ಸಲ ಬಿಟ್ಬಿಡಿ!”

ಗುಬ್ಬಿಯ ಸರ್ಕಲ್‌ನಲ್ಲಿ ಖಾಕಿ ಶರ್ಟಿನವನೊಬ್ಬ ಕೈ ಅಡ್ಡ ಹಿಡಿದದ್ದೇ ತಡ, ಮಂಜುಶ್ರೀ ಸ್ಕೂಟರ್ ನಿಲ್ಲಿಸಿ ಕೈ ಮುಗಿದೇಬಿಟ್ಟಳು. ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಚೇಳೂರಿನ ಶಾಲೆಯಲ್ಲಿ ಮಕ್ಕಳಿಗೆ ರಸ್ತೆ ನಿಯಮ ಹೇಳಿಕೊಡುವ ಟೀಚರ್ ಬೇರೆ! ಮರ್ಯಾದೆ ಪ್ರಶ್ನೆ.

ಅವನು ಕಣ್ಣು ಪಿಳಿಪಿಳಿ ಬಿಟ್ಟ. ಅವಳು ಲೈಸೆನ್ಸ್ ತೆಗೆದು ಅವನ ಕೈಗೇ ತುರುಕಿದಳು. ಅದನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಹಿಂತಿರುಗಿಸಿದ.

“ತಲೆ ಒಂದೇ ಇರೋದು ಮೇಡಂ. ಹೆಲ್ಮೆಟ್ ಹಾಕ್ಕಳಿ. ಹೋಗಿ.”

ಅಬ್ಬಾ, ಎಂಥ ಒಳ್ಳೆ ಪೊಲೀಸ್! ಆ ದಿನವೆಲ್ಲ ಸ್ಟಾಫ್ ರೂಮಿನಲ್ಲಿ ಅವನ ಗುಣಗಾನವೇ ಗುಣಗಾನ.

ಮುಂದಿನ ವಾರ ಸ್ಕೂಟರ್ ಕೈಕೊಟ್ಟಿತು. ಚೇಳೂರು ಬಸ್ ಹತ್ತಿ ಕೂತಳು.

“ಯಾರ್ರೀ ಟಿಕೆಟ್, ಟಿಕೆಟ್...”

ತಲೆ ಎತ್ತಿದರೆ ಅದೇ ಮುಖ! ಕೈಯಲ್ಲಿ ಟಿಕೆಟ್ ಮೆಷಿನ್!

“ನೀವು... ಕಂಡಕ್ಟರಾ? ಸಾರ್ ಸಾರ್ ಅಂತ ಅಷ್ಟ್ ಸಲ ಕರೆಸ್ಕೊಂಡ್ರಲ್ರೀ!”

“ನಾನೆಲ್ಲಿ ಪೊಲೀಸ್ ಅಂದೆ? ಡ್ಯೂಟಿಗೆ ಲೇಟಾಗಿತ್ತು, ಆಟೋಗೆ ಕೈ ತೋರ್ಸಿದ್ದೆ. ನೀವ್ ಬಂದು ನಿಂತ್ರಿ. ಅಷ್ಟೊಂದ್ ಹೆದರ್ಕೊಂಡಿದ್ರಿ... ನಿಜ ಹೇಳೋಕೆ ಮನಸ್ಸು ಬರ್ಲಿಲ್ಲ.”

ಬಸ್ಸಿಗೆ ಬಸ್ಸೇ ಗೊಳ್ಳೆಂದಿತು. ಮಂಜುಶ್ರೀ ನಾಚಿಕೆಯಿಂದ ಕಿಟಕಿ ಕಡೆ ತಿರುಗಿದಳು. ಅಲ್ಲಿ ಅವಳಿಗೂ ನಗು ತಡೆಯಲಾಗಲಿಲ್ಲ.

ಭೀಮರಾಜ್ ಅಂತ ಅವನ ಹೆಸರು. ಹೆಸರಿಗೆ ಭೀಮ, ಮನಸ್ಸು ಮಾತ್ರ ಬೆಣ್ಣೆ. “ಮೆಲ್ಲಕ್ಕಿಳಿ ಅಜ್ಜಿ, ಬಸ್ಸೆಲ್ಲೂ ಓಡೋಗಲ್ಲ” ಎನ್ನುತ್ತ ಅವಳ ಸೊಪ್ಪಿನ ಬುಟ್ಟಿಯನ್ನು ತಾನೇ ಇಳಿಸಿಕೊಡುತ್ತಿದ್ದ. ಸೀಟಿಗೆ ಜಗಳ ತೆಗೆದವನಿಗೆ, “ಸೀಟು ನಿಂದೇ ಕಣಣ್ಣ, ಇಳಿಯೋವಾಗ ಮನೆಗೇ ತಗೊಂಡೋಗು. ಈಗ ಒಸಿ ಸರ್ಕೋ” ಎಂದರೆ ಜಗಳವಾಡಿದವನೇ ನಗುತ್ತಿದ್ದ.

ಇಂಥ ಮನುಷ್ಯರೂ ಇರ್ತಾರಾ...!

ಸ್ಕೂಟರ್ ರಿಪೇರಿಯಾಗಿ ಮನೆಗೆ ಬಂತು. ಆದರೂ ಮಂಜುಶ್ರೀ ಬಸ್ಸನ್ನೇ ಹತ್ತಿದಳು.

ಒಂದು ಬೆಳಿಗ್ಗೆ ನಡುದಾರಿಯಲ್ಲಿ ಚೆಕಿಂಗ್ ಇನ್ಸ್‌ಪೆಕ್ಟರ್ ವೆಂಕಟರಂಗಯ್ಯ ಹತ್ತಿದರು.

“ಟಿಕೆಟ್ ತೋರ್ಸಮ್ಮ.”

ಬ್ಯಾಗು ತಡಕಿದಳು, ಪರ್ಸು ತಡಕಿದಳು. ಇಲ್ಲ!

“ಹೆಂಗಸ್ರಿಗೆ ಫ್ರೀ ಅಲ್ವಾ ಸಾರ್...”

“ಫ್ರೀ ಆದ್ರೂ ಜೀರೋ ಟಿಕೆಟ್ ಕೊಡ್ಬೇಕು ತಾಯಿ. ಏನ್ರೀ ಭೀಮರಾಜ್, ಬಸ್ಸಿಗೆಲ್ಲ ಕೊಟ್ಟು ಇವ್ರೊಬ್ರನ್ನೇ ಬಿಟ್ಟಿದೀರಲ್ಲ?”

“ನಾನೇ ಕೇಳ್ಲಿಲ್ಲ ಸಾರ್. ತಪ್ಪು ನಂದು!” ಮಂಜುಶ್ರೀ ಎದ್ದು ನಿಂತಳು.

“ಇಲ್ಲ ಸಾರ್, ತಪ್ಪು ನಂದೇ.” ಭೀಮರಾಜ್ ತಲೆ ತಗ್ಗಿಸಿದ.

ವೆಂಕಟರಂಗಯ್ಯ ಅವನ ಕೈಗೆ ಮೆಮೊ ಬರೆದುಕೊಟ್ಟು ಇಳಿದರು. ಚೇಳೂರು ಬರುವವರೆಗೂ ಭೀಮರಾಜ್ ಅವಳತ್ತ ಒಮ್ಮೆಯೂ ನೋಡಲಿಲ್ಲ.

ಮಾರನೆಯ ದಿನ ಬೇರೆ ಕಂಡಕ್ಟರ್ ಇದ್ದ. “ಭೀಮರಾಜಾ? ಕುಣಿಗಲ್ ರೂಟಿಗೆ ಹೋದ್ರಲ್ಲ ಮೇಡಂ.”

ಮಂಜುಶ್ರೀ ಅವನು ಕೊಟ್ಟ ಜೀರೋ ಟಿಕೆಟನ್ನೇ ನೋಡುತ್ತ ಕೂತಳು. ನನ್ನಿಂದಲೇ... ಅವನನ್ನೇ ನೋಡುತ್ತ ಮೈಮರೆತು, ಅವನ ಕೆಲಸಕ್ಕೇ ಕಲ್ಲು ಹಾಕಿದೆನಲ್ಲ! ಇನ್ನು ಅವನು ನನ್ನ ಮುಖ ನೋಡುತ್ತಾನಾ?

ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ಭಾನುವಾರ ತುಮಕೂರಿಗೆ ಹೋಗಿ, ಅಲ್ಲಿಂದ ಕುಣಿಗಲ್ ಬಸ್ ಹಿಡಿದಳು.

ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡಿಯುತ್ತಿದ್ದ ಭೀಮರಾಜ್ ಅವಳನ್ನು ಕಂಡು ಗಾಬರಿಯಿಂದ ಲೋಟ ಕೆಳಗಿಟ್ಟ.

“ನನ್ನಿಂದ ನಿಮ್ಮನ್ನ ಇಲ್ಲಿಗೆ ಹಾಕಿದ್ರು. ಬಯ್ದುಬಿಡಿ... ಹೀಗೆ ಸುಮ್ನಿರ್ಬೇಡಿ!” ಅವಳ ಕಣ್ಣು ತುಂಬಿತು.

“ಅಯ್ಯೋ, ಅಳ್ಬೇಡಿ ಮೇಡಂ! ಯಾರೂ ಹಾಕ್ಲಿಲ್ಲ, ನಾನೇ ಕೇಳ್ಕೊಂಡ್ ಬಂದೆ.”

“ಯಾಕೆ? ನನ್ನ ಮುಖ ನೋಡ್ಬಾರ್ದು ಅಂತಾನಾ?”

“ನೋಡ್ತಿದ್ರೆ ಕೆಲ್ಸ ಮರ್ತೋಗುತ್ತೆ ಅಂತ! ಇಷ್ಟು ವರ್ಷದಲ್ಲಿ ಒಬ್ರಿಗೂ ಟಿಕೆಟ್ ತಪ್ಪಿಸ್ದೋನಲ್ಲ ನಾನು. ಅವತ್ತು ನಿಮ್ಮತ್ರ ಬಂದೆ... ನೀವು ನಕ್ರಿ... ಹಂಗೇ ಮುಂದಿನ ಸೀಟಿಗೆ ಹೋಗ್ಬಿಟ್ಟೆ. ನೀವು ಪ್ಯಾಸೆಂಜರ್ ಅಂತಾನೇ ಅನ್ನಿಸ್ಲಿಲ್ಲ.”

“ಮತ್ತೇನನ್ನಿಸ್ತು?”

ಭೀಮರಾಜನ ಕಿವಿ ಕೆಂಪಾಯಿತು.

“ನಮ್ಮನೆಯವ್ರು... ಅನ್ನಿಸ್ತು.”

ಮಂಜುಶ್ರೀ ಕಣ್ಣರಳಿಸಿದಳು. ಅವನೇ ತಡಬಡಾಯಿಸಿದ.

“ತಪ್ಪಾಗಿದ್ರೆ ಕ್ಷಮ್ಸಿ. ನೀವು ಟೀಚರ್ರು, ನಾನು...”

“ಮನೆಗ್ ಬಂದು ಅಪ್ಪನ್ನ ಕೇಳಿ.”

“ಅವ್ರು ಒಪ್ತಾರಾ?”

“ಮೊದ್ಲು ನನ್ನ ಕೇಳ್ರೀ!”

“ನೀವು... ಒಪ್ತೀರಾ?”

ಮಂಜುಶ್ರೀ ಕಣ್ಣೊರೆಸಿಕೊಂಡು ನಕ್ಕಳು.

“ಒಪ್ದೇ ಇದ್ದಿದ್ರೆ ಇರೋ ಒಂದ್ ಭಾನುವಾರನೂ ಬಿಟ್ಟು, ಎರಡು ಬಸ್ ಹತ್ತಿ ಇಲ್ಲಿಗ್ ಬರ್ತಿದ್ನಾ... ಪೆದ್ದು!”